ಕಾರಿನ ತೊಂದರೆಗೆ ಸರಿಯಾದ ಸಲಹೆ ಪಡೆಯುವುದು ಹೇಗೆ? ಲಕ್ಷಣ ಗುರುತಿಸುವುದರಿಂದ ರಿಪೇರಿ ಮುಗಿಯುವವರೆಗೆ

"ಕಾರು ಸ್ಟಾರ್ಟ್ ಆಗ್ತಿಲ್ಲ, ಏನ್ಮಾಡೋದು?" ಅಂತ ಕೇಳಿ ನೋಡಿ. ಒಬ್ಬರು ಬ್ಯಾಟರಿ ಹೋಗಿದೆ ಅಂತಾರೆ, ಇನ್ನೊಬ್ಬರು ಸೆಲ್ಫ್ ಮೋಟರ್ ಅಂತಾರೆ, ಮತ್ತೊಬ್ಬರು ಫ್ಯುಯೆಲ್ ಪಂಪ್ ಅಂತಾರೆ. ಮೂರೂ ಇರಬಹುದು. ತಪ್ಪು ಅವರದ್ದಲ್ಲ, ಪ್ರಶ್ನೆಯಲ್ಲೇ ಏನೂ ಇಲ್ಲ. "ಕೀ ತಿರುಗಿಸಿದರೆ ಎಂಜಿನ್ ಜೋರಾಗೇ ತಿರುಗುತ್ತೆ, ಆದರೆ ಹತ್ತಿಕೊಳ್ಳಲ್ಲ" ಅಂತ ಒಂದು ಮಾತು ಸೇರಿಸಿದ್ದರೆ ಬ್ಯಾಟರಿ ಮತ್ತು ಸೆಲ್ಫ್ ಎರಡೂ ಅಲ್ಲೇ ಪಟ್ಟಿಯಿಂದ ಹೊರಗೆ ಹೋಗುತ್ತಿದ್ದವು.

ಕಾರಿನ ವಿಷಯದಲ್ಲಿ ಹಣ ಜಾಸ್ತಿ ಪೋಲಾಗುವುದು ದುಬಾರಿ ರಿಪೇರಿಯಿಂದಲ್ಲ, ಊಹೆಯ ಮೇಲೆ ಪಾರ್ಟ್ ಬದಲಿಸುವುದರಿಂದ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಪಾನಾ ಹಿಡಿಯುವುದಕ್ಕಿಂತ ಮೊದಲು ನೋಡಬೇಕಾದ್ದು, ಕೇಳಿಸಿಕೊಳ್ಳಬೇಕಾದ್ದು, ಅಳೆಯಬೇಕಾದ್ದೇ ಹೆಚ್ಚು.

ಹಂತ 1: ಗಾಡಿ ಓಡಿಸಬಹುದೋ, ನಿಲ್ಲಿಸಬೇಕೋ?

ಬೇರೆ ಎಲ್ಲಾ ಪ್ರಶ್ನೆ ಆಮೇಲೆ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಬಂದರೆ ನಿಲ್ಲಿಸಿ, ಹಳದಿ ಬಂದರೆ ಬೇಗ ತೋರಿಸಿ. ಸ್ಥೂಲವಾಗಿ ಲೆಕ್ಕ ಇಷ್ಟೇ.

ಎಣ್ಣೆ ಡಬ್ಬಿಯ ಚಿತ್ರವಿರುವ ಕೆಂಪು ದೀಪ ಆಯಿಲ್ ಪ್ರೆಷರ್ ಇಲ್ಲ ಅಥವಾ ತೀರಾ ಕಡಿಮೆಯಾಗಿದೆ ಅಂತ ಹೇಳುತ್ತದೆ. ಮುಂದಿನ ಬಂಕ್‌ವರೆಗೆ ಹೋಗೋಣ ಅನ್ನಬೇಡಿ. ಸುರಕ್ಷಿತ ಜಾಗ ಕಂಡ ಕೂಡಲೇ ಪಕ್ಕಕ್ಕೆ ತಂದು ಎಂಜಿನ್ ಆಫ್ ಮಾಡಿ. ಪ್ರೆಷರ್ ಇಲ್ಲದೆ ಕೆಲವೇ ನಿಮಿಷ ಓಡಿದರೂ ಬೇರಿಂಗ್‌ಗಳು ಹಾಳಾಗಿ ಎಂಜಿನ್ ಬಿಚ್ಚಬೇಕಾಗಬಹುದು. ಟೆಂಪರೇಚರ್ ಮುಳ್ಳು ಕೆಂಪಿಗೆ ಹೋದರೂ ಅಷ್ಟೇ. ಬ್ರೇಕ್ ಪೆಡಲ್ ತಳದವರೆಗೆ ಹೋಗುತ್ತಿದ್ದರೆ, ಪೆಟ್ರೋಲ್ ವಾಸನೆ ಬರುತ್ತಿದ್ದರೆ, ಸ್ಟೀರಿಂಗ್ ಇದ್ದಕ್ಕಿದ್ದಂತೆ ಸಡಿಲವಾದರೆ ಟೋ ಮಾಡಿಸುವುದೇ ಸರಿ. ಇದರಲ್ಲಿ ಚೌಕಾಸಿ ಬೇಡ.

ಚೆಕ್ ಎಂಜಿನ್ ದೀಪಕ್ಕೆ ಎರಡು ಭಾಷೆ ಇದೆ. ಸುಮ್ನೆ ಉರಿಯುತ್ತಿದ್ದರೆ, ಗಾಡಿ ಮಾಮೂಲಿನಂತೆ ಓಡುತ್ತಿದ್ದರೆ, ನಿಧಾನವಾಗಿ ಮನೆಗೋ ಗ್ಯಾರೇಜಿಗೋ ಹೋಗಬಹುದು. ಮಿನುಗುತ್ತಿದ್ದರೆ ಯಾವುದೋ ಸಿಲಿಂಡರ್‌ನಲ್ಲಿ ಜೋರಾಗಿ ಮಿಸ್‌ಫೈರ್ ಆಗುತ್ತಿದೆ, ಅಂದರೆ ಒಳಗೆ ಇಂಧನ ಸರಿಯಾಗಿ ಹತ್ತಿಕೊಳ್ಳುತ್ತಿಲ್ಲ. ಸುಡದ ಇಂಧನ ಸೈಲೆನ್ಸರ್ ಕಡೆಗೆ ಹೋಗಿ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕರಗಿಸಬಹುದು. ಆಗ ಆಕ್ಸಿಲರೇಟರ್ ಬಿಟ್ಟು ಆದಷ್ಟು ಬೇಗ ನಿಲ್ಲಿಸಿ.

ಹಂತ 2: ಲಕ್ಷಣ ಬರೆದುಕೊಳ್ಳಿ

ಮೊಬೈಲ್‌ನಲ್ಲೇ ಬರೆದುಕೊಳ್ಳಿ, ಸಾಕು. ಮೊದಲ ಸಾಲಿನಲ್ಲಿ ಕಾರಿನ ಮಾಡೆಲ್, ತಯಾರಾದ ವರ್ಷ, ಎಂಜಿನ್ ಯಾವುದು, ಗೇರ್ ಆಟೋಮ್ಯಾಟಿಕ್ಕೋ ಮ್ಯಾನ್ಯುಯಲ್ಲೋ, ಎಷ್ಟು ಕಿಲೋಮೀಟರ್ ಓಡಿದೆ. ಒಂದೇ ಹೆಸರಿನ ಕಾರಿಗೆ ಎರಡು ಮೂರು ಎಂಜಿನ್ ಇರುತ್ತವೆ. ಒಂದರ ಮಾಮೂಲಿ ರೋಗ ಇನ್ನೊಂದಕ್ಕೆ ಬರುವುದೇ ಇಲ್ಲ. 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಕೂಡ ಜೊತೆಗಿಟ್ಟುಕೊಳ್ಳಿ. ಸರಿಯಾದ ಪಾರ್ಟ್ ಹುಡುಕಲು, ಕಂಪನಿ ಆ ಗಾಡಿಯನ್ನು ಯಾವುದಾದರೂ ದೋಷಕ್ಕೆ ವಾಪಸ್ ಕರೆದಿದೆಯೇ ಅಂತ ನೋಡಲು ಅದೇ ಬೇಕು.

ಆಮೇಲೆ ತೊಂದರೆ. ಎಂಜಿನ್ ತಣ್ಣಗಿದ್ದಾಗ ಬರುತ್ತದೋ, ಬಿಸಿಯಾದ ಮೇಲೋ? ಯಾವ ವೇಗದಲ್ಲಿ? ತಿರುವಿನಲ್ಲಾ, ಬ್ರೇಕ್ ಒತ್ತಿದಾಗಲಾ, ಹಂಪ್ ಮೇಲಾ? ಶಬ್ದ ಎಂಜಿನ್ ವೇಗದ ಜೊತೆ ಏರುತ್ತದೋ, ಚಕ್ರದ ವೇಗದ ಜೊತೆಯೋ? ಈ ಕೊನೆಯ ಪ್ರಶ್ನೆಗೆ ಉತ್ತರ ಸುಲಭ. ನಿಂತ ಗಾಡಿಯಲ್ಲಿ ನ್ಯೂಟ್ರಲ್‌ಗೆ ಹಾಕಿ ರೇಸ್ ಕೊಡಿ. ಆಗಲೂ ಶಬ್ದ ಬಂದರೆ ಅದು ಎಂಜಿನ್ ಕಡೆಯದ್ದು. ಓಡುವಾಗ ಮಾತ್ರ ಬಂದರೆ ಗೇರ್‌ಬಾಕ್ಸ್‌ನಿಂದ ಚಕ್ರದವರೆಗಿನ ಯಾವುದೋ ಭಾಗ.

ಇನ್ನೊಂದು ವಿಷಯ ಬಹಳ ಜನ ಹೇಳಲು ಮರೆಯುತ್ತಾರೆ: ತೊಂದರೆ ಶುರುವಾಗುವ ಮುಂಚೆ ಗಾಡಿಗೆ ಏನು ಕೆಲಸ ಮಾಡಿಸಿದಿರಿ? ಸರ್ವಿಸ್ ಆದ ಮರುದಿನ ಶುರುವಾದ ಕಾಯಿಲೆಗೆ ಕಾರಣ ಸಾಮಾನ್ಯವಾಗಿ ಆ ಸರ್ವಿಸ್‌ನಲ್ಲಿ ಕೈ ಹಾಕಿದ ಜಾಗದಲ್ಲೇ ಇರುತ್ತದೆ. ಕೂರದೆ ಉಳಿದ ಕನೆಕ್ಟರ್, ಸಡಿಲವಾದ ಏರ್ ಪೈಪ್, ಇಂಥವು.

ಶಬ್ದವಿದ್ದರೆ ರೆಕಾರ್ಡ್ ಮಾಡಿ. ಗ್ಯಾರೇಜಿಗೆ ಹೋದ ಕೂಡಲೇ ಶಬ್ದ ಮಾಯವಾಗುವುದು ಎಲ್ಲರಿಗೂ ಗೊತ್ತಿರುವ ಕತೆ, ಅಲ್ವಾ?

ಹಂತ 3: ಕೈಗೆ ಬೇಕಾದ ಸಾಮಾನು, ಮತ್ತು ಜಾಕ್ ಬಗ್ಗೆ ಒಂದು ಎಚ್ಚರಿಕೆ

ವೋಲ್ಟೇಜ್, ಕರೆಂಟ್ ಅಳೆಯುವ ಮಲ್ಟಿಮೀಟರ್, ಟೈರ್ ಪ್ರೆಷರ್ ಗೇಜ್, ಟಾರ್ಚ್, ಗ್ಲೌಸ್, ಕಾರಿಗೆ ಜೋಡಿಸಿ ದೋಷದ ಕೋಡ್ ಓದುವ ಒಬಿಡಿ ಸ್ಕ್ಯಾನರ್. ಇಷ್ಟಿದ್ದರೆ ಮುಕ್ಕಾಲು ಪಾಲು ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಇವೆಲ್ಲಕ್ಕಿಂತ ಮೊದಲು ಕಾರಿನ ಜೊತೆ ಬಂದ ಓನರ್ಸ್ ಮ್ಯಾನ್ಯುಯಲ್. ಯಾವ ಆಯಿಲ್, ಯಾವ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ), ಫ್ಯೂಸ್ ಎಲ್ಲಿ, ಜಾಕ್ ಎಲ್ಲಿ ಇಡಬೇಕು ಎಲ್ಲಾ ಅದರಲ್ಲಿದೆ.

ಜಾಕ್ ಇರುವುದು ಚಕ್ರ ಬದಲಿಸಲು ಮಾತ್ರ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈ ಕೂಡ ತೂರಿಸಬೇಡಿ. ಕೆಳಗೆ ಹೋಗಲೇಬೇಕಾದರೆ ಸಮತಟ್ಟಾದ ಗಟ್ಟಿ ನೆಲ, ಕಾರಿನ ಭಾರ ಹೊರುವ ಆಕ್ಸಲ್ ಸ್ಟ್ಯಾಂಡ್, ಎದುರು ಚಕ್ರಕ್ಕೆ ಅಡ್ಡಗಟ್ಟೆ, ಹ್ಯಾಂಡ್ ಬ್ರೇಕ್, ನಾಲ್ಕೂ ಬೇಕು. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರಿನಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅದು ಹೈ ವೋಲ್ಟೇಜ್. ಮುಟ್ಟುವ ಹಾಗೇ ಇಲ್ಲ. ಏರ್‌ಬ್ಯಾಗ್ ವೈರಿಂಗ್ ಕೂಡ ತರಬೇತಿ ಇದ್ದವರ ಕೆಲಸ.

ಹಂತ 4: ಸ್ಟಾರ್ಟ್ ಆಗದಿದ್ದಾಗ

ಕೀ ತಿರುಗಿಸಿ, ಕಿವಿ ಕೊಡಿ, ಜೊತೆಗೆ ಹೆಡ್‌ಲೈಟ್ ಕಡೆ ಕಣ್ಣಿಡಿ.

"ಟಕ ಟಕ ಟಕ" ಅಂತ ಬೇಗ ಬೇಗ ಸದ್ದು ಬಂದು ಲೈಟ್ ಮಂಕಾದರೆ ಬ್ಯಾಟರಿಯಲ್ಲಿ ಶಕ್ತಿ ಇಲ್ಲ, ಅಥವಾ ಟರ್ಮಿನಲ್ ಸಡಿಲವಾಗಿದೆ. ಒಂದೇ ಒಂದು "ಟಕ್", ಲೈಟ್ ಮಾತ್ರ ಪ್ರಕಾಶವಾಗೇ ಇದೆ ಅಂದರೆ ಸೆಲ್ಫ್ ಮೋಟರ್ ಅಥವಾ ಅದಕ್ಕೆ ಕರೆಂಟ್ ಬಿಡುವ ಸ್ವಿಚ್ಚಾದ ಸೋಲೆನಾಯ್ಡ್ ಮೇಲೆ ಅನುಮಾನ. ಏನೂ ಸದ್ದಿಲ್ಲ, ಲೈಟ್ ಚೆನ್ನಾಗಿದೆ ಅಂದರೆ ಮೊದಲು ಸಣ್ಣ ವಿಷಯ ನೋಡಿ: ಆಟೋಮ್ಯಾಟಿಕ್ ಗೇರ್ ಪಾರ್ಕ್‌ನಲ್ಲಿದೆಯಾ, ಕ್ಲಚ್ ಪೂರ್ತಿ ಒತ್ತಿದ್ದೀರಾ, ರಿಮೋಟ್ ಕೀಯ ಸೆಲ್ ಮುಗಿದಿದೆಯಾ. ಎಂಜಿನ್ ಚುರುಕಾಗಿ ತಿರುಗಿಯೂ ಹತ್ತದಿದ್ದರೆ ಇಂಧನ, ಸ್ಪಾರ್ಕ್, ಇಲ್ಲವೇ ಕಳ್ಳತನ ತಡೆಯುವ ಇಮೊಬಿಲೈಸರ್. ಡ್ಯಾಶ್‌ಬೋರ್ಡಿನಲ್ಲಿ ಕೀ ಅಥವಾ ಬೀಗದ ಗುರುತು ಮಿನುಗುತ್ತಿದೆಯೇ ನೋಡಿ. ಇದ್ದರೆ ಇನ್ನೊಂದು ಕೀ ಹಾಕಿ ನೋಡಿ.

ಬ್ಯಾಟರಿ ಅನುಮಾನವಿದ್ದರೆ ಅಳೆಯಿರಿ. ಗಾಡಿ ಕೆಲವು ಗಂಟೆ ಸುಮ್ಮನೆ ನಿಂತ ಮೇಲೆ 12.6 ವೋಲ್ಟ್ ಅಥವಾ ಸ್ವಲ್ಪ ಜಾಸ್ತಿ ಬಂದರೆ ಪೂರ್ತಿ ಚಾರ್ಜ್ ಇದೆ. 12.4 ಅಂದರೆ ಹೆಚ್ಚುಕಡಿಮೆ ಮುಕ್ಕಾಲು, 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಖಾಲಿ ಅಂತಲೇ ಲೆಕ್ಕ. ಆದರೆ ಚಾರ್ಜ್ ಇದ್ದ ಮಾತ್ರಕ್ಕೆ ಬ್ಯಾಟರಿ ಚೆನ್ನಾಗಿದೆ ಅಂತಲ್ಲ. ಸೆಲ್ಫ್ ಹೊಡೆಯುವಾಗ ಇನ್ನೊಬ್ಬರಿಗೆ ಮೀಟರ್ ನೋಡಲು ಹೇಳಿ. 12.6 ತೋರಿಸುತ್ತಿದ್ದ ಬ್ಯಾಟರಿ ಆಗ ಸುಮಾರು 9.6ಕ್ಕಿಂತ ಕೆಳಗೆ ಕುಸಿದರೆ ಅದರ ಆಯಸ್ಸು ಮುಗಿಯುತ್ತಾ ಬಂದಿದೆ. ಎಂಜಿನ್ ಓಡುವಾಗ 13.8ರಿಂದ 14.7ರ ಒಳಗೆ ಬರಬೇಕು. 12.5ರಲ್ಲೇ ನಿಂತಿದ್ದರೆ ಎಂಜಿನ್ ಓಡುವಾಗ ಬ್ಯಾಟರಿಗೆ ಕರೆಂಟ್ ತುಂಬುವ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಹೊಸ ಕಾರುಗಳಲ್ಲಿ ಚಾರ್ಜಿಂಗನ್ನು ಕಂಪ್ಯೂಟರ್ ಏರಿಳಿಸುತ್ತದೆ, ಅದಕ್ಕೇ ಹೆಡ್‌ಲೈಟ್ ಮತ್ತು ಬ್ಲೋಯರ್ ಹಾಕಿಕೊಂಡು ಇನ್ನೊಮ್ಮೆ ನೋಡಿ.

ಟರ್ಮಿನಲ್ ಮೇಲೆ ಬಿಳಿ ಅಥವಾ ನೀಲಿ ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಒಣಗಿಸಿ, ಬಿಗಿ ಮಾಡಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಪ್ಲಸ್ ಬಿಚ್ಚುವಾಗ ಪಾನಾ ಕಾರಿನ ಲೋಹದ ಭಾಗಕ್ಕೆ ತಗುಲಿದರೂ ಆಗ ಶಾರ್ಟ್ ಆಗುವುದಿಲ್ಲ.

ಜಂಪ್ ಸ್ಟಾರ್ಟ್‌ಗೆ ಎರಡೂ ಗಾಡಿ 12 ವೋಲ್ಟ್‌ನದ್ದೇ ಆಗಿರಬೇಕು. ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆ ಬ್ಯಾಟರಿಯ ಮೈನಸ್‌ಗೆ, ಅದರ ಕೊನೆಯ ತುದಿ ನಿಂತ ಗಾಡಿಯ ಎಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರ. ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತಿರಬಹುದು, ಕೊನೆಯ ಕಿಡಿ ಅದರ ಹತ್ತಿರ ಆಗಬಾರದು. ತೆಗೆಯುವಾಗ ಇದೇ ಕ್ರಮ ಉಲ್ಟಾ. ಸ್ಟಾರ್ಟ್ ಆಗಿ ಕೇಬಲ್ ತೆಗೆದ ಕೂಡಲೇ ನಿಂತರೆ ಆಲ್ಟರ್ನೇಟರ್ ಕಡೆ ನೋಡಿ. ಹೊಸ ಬ್ಯಾಟರಿ ಹಾಕಿದ ಮೇಲೂ ರಾತ್ರಿ ಕಳೆಯುವಷ್ಟರಲ್ಲಿ ಖಾಲಿಯಾಗುತ್ತಿದ್ದರೆ ಯಾವುದೋ ಉಪಕರಣ ಕರೆಂಟ್ ಎಳೆಯುತ್ತಿದೆ. ಕಾರು ಲಾಕ್ ಆಗಿ ಪೂರ್ತಿ ನಿದ್ದೆಗೆ ಹೋದ ಮೇಲೆ ಈ ಎಳೆತ ಸಾಮಾನ್ಯವಾಗಿ 50 ಮಿಲಿಆಂಪ್ ಒಳಗಿರಬೇಕು. ಹೊರಗಿನಿಂದ ಜೋಡಿಸಿದ ಡ್ಯಾಶ್ ಕ್ಯಾಮೆರಾ, ಮ್ಯೂಸಿಕ್ ಸಿಸ್ಟಂ ಮೊದಲು ಬಿಡಿಸಿ ನೋಡಿ.

ಹಂತ 5: ಎಂಜಿನ್ ಬಿಸಿಯಾದರೆ

ಮುಳ್ಳು ಏರುತ್ತಿದೆ ಅಂತ ಕಂಡ ಕೂಡಲೇ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗಿಟ್ಟು ಬ್ಲೋಯರ್ ಜೋರು ಮಾಡಿ. ಒಳಗೆ ಕೂರುವುದು ಹಿಂಸೆ, ಆದರೆ ಎಂಜಿನ್ನಿನ ಒಂದಷ್ಟು ಶಾಖ ಆ ದಾರಿಯಲ್ಲಿ ಹೊರಗೆ ಹೋಗುತ್ತದೆ. ಪಕ್ಕಕ್ಕೆ ತಂದು ಆಫ್ ಮಾಡಿ, ಕಾಯಿರಿ.

ರೇಡಿಯೇಟರ್ ಮುಚ್ಚಳ ಬಿಸಿಯಿರುವಾಗ ತೆಗೆಯಲೇಬೇಡಿ. ಒಳಗೆ ಒತ್ತಡ ಇರುವುದರಿಂದಲೇ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದರೆ ಒತ್ತಡ ಹೋಗಿ, ಆ ಕ್ಷಣವೇ ಕುದ್ದು ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯುವುದೂ ಬೇಡ, ಲೋಹ ಬಿರುಕು ಬಿಡಬಹುದು. ಪೂರ್ತಿ ತಣ್ಣಗಾದ ಮೇಲೆ ಕೂಲಂಟ್ ಟ್ಯಾಂಕ್‌ನಲ್ಲಿ ಮಟ್ಟ ನೋಡಿ. ತುರ್ತಿಗೆ ಬರೀ ನೀರು ಹಾಕಬಹುದು, ಆದರೆ ಆಮೇಲೆ ಸರಿಯಾದ ಕೂಲಂಟ್ ಹಾಕಿಸಬೇಕು. ಕೂಲಂಟ್‌ನ ಬಣ್ಣ ನೋಡಿ ಕೊಳ್ಳಬೇಡಿ. ಬಣ್ಣಕ್ಕೆ ಒಂದೇ ನಿಯಮ ಇಲ್ಲ, ಮ್ಯಾನ್ಯುಯಲ್‌ನಲ್ಲಿ ಬರೆದಿರುವ ಬಗೆಯನ್ನೇ ಹಾಕಿ.

ಇನ್ನು ಕಾರಣ ಹುಡುಕುವುದು. ಟ್ರಾಫಿಕ್‌ನಲ್ಲಿ ಬಿಸಿಯಾಗಿ ಹೈವೇಯಲ್ಲಿ ಸರಿಹೋದರೆ ಫ್ಯಾನ್ ಮೇಲೆ ಅನುಮಾನ. ಎಸಿ ಹಾಕಿ ಬಾನೆಟ್ ತೆಗೆದು ನೋಡಿ, ಬಹುತೇಕ ಕಾರುಗಳಲ್ಲಿ ಫ್ಯಾನ್ ತಿರುಗಲು ಶುರುವಾಗಬೇಕು. ಕೈ ದೂರ ಇರಲಿ, ಎಂಜಿನ್ ಆಫ್ ಆದ ಮೇಲೂ ಅದು ತಾನಾಗೇ ತಿರುಗಬಹುದು. ಹೈವೇ ವೇಗದಲ್ಲಿ, ಏರಿನಲ್ಲಿ ಬಿಸಿಯಾದರೆ ರೇಡಿಯೇಟರ್ ಕಟ್ಟಿರಬಹುದು, ವಾಟರ್ ಪಂಪ್ ಸೋತಿರಬಹುದು. ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಮುಳ್ಳು ಏರಿ, ರೇಡಿಯೇಟರ್‌ನ ಒಂದು ಹೋಸ್ ಬಿಸಿ ಇನ್ನೊಂದು ತಣ್ಣಗಿದ್ದರೆ ಕೂಲಂಟ್ ಹರಿವನ್ನು ತೆರೆದು ಮುಚ್ಚುವ ಥರ್ಮೋಸ್ಟಾಟ್ ತೆರೆಯುತ್ತಿಲ್ಲ.

ನೆಲದ ಮೇಲೆ ಒಂದು ಹನಿಯೂ ಇಲ್ಲ, ಆದರೂ ಕೂಲಂಟ್ ಕಡಿಮೆಯಾಗುತ್ತಲೇ ಇದೆ. ಇದು ನಿಜಕ್ಕೂ ಚಿಂತೆಯ ವಿಷಯ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಅದರಲ್ಲಿ ಸಿಹಿ ವಾಸನೆ, ಟ್ಯಾಂಕ್‌ನಲ್ಲಿ ಗುಳ್ಳೆ, ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಮೇಲೆ ಹಾಲು ಬೆರೆಸಿದ ಕಾಫಿಯಂಥ ಆಯಿಲ್ ಕಂಡರೆ ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿರಬಹುದು. ಗಾಬರಿಯಾಗುವ ಮುಂಚೆ ಎರಡು ಮಾತು: ಚಳಿಯ ಬೆಳಗ್ಗೆ ಸೈಲೆನ್ಸರ್‌ನಿಂದ ಬಂದು ಮಾಯವಾಗುವ ಬಿಳಿ ಆವಿ ಮಾಮೂಲಿ. ದಿನಾ ಹತ್ತಿರ ಹತ್ತಿರವೇ ಓಡಾಡುವ ಗಾಡಿಯ ಆಯಿಲ್ ಮುಚ್ಚಳದ ಒಳಗೆ ತೇವದಿಂದ ಸ್ವಲ್ಪ ಕೆನೆ ಕಟ್ಟುವುದೂ ಮಾಮೂಲಿ. ಗ್ಯಾರೇಜಿನವರು ಹೆಡ್ ಬಿಚ್ಚಬೇಕು ಅಂದರೆ ಮೊದಲು ಪ್ರೆಷರ್ ಟೆಸ್ಟ್ ಮತ್ತು ಕೂಲಂಟ್‌ನಲ್ಲಿ ಎಂಜಿನ್ ಗ್ಯಾಸ್ ಇದೆಯೇ ನೋಡುವ ಟೆಸ್ಟ್ ಮಾಡಿಸಿ ಅನ್ನಿ.

ಹಂತ 6: ಚೆಕ್ ಎಂಜಿನ್ ಕೋಡ್ ಓದುವುದು

ಸ್ಕ್ಯಾನರ್‌ನ ಕನೆಕ್ಟರ್ ಸಾಮಾನ್ಯವಾಗಿ ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ ಇರುತ್ತದೆ. ಕೋಡ್ ಬಂದ ಕೂಡಲೇ ಅದನ್ನು ಬರೆದಿಟ್ಟುಕೊಳ್ಳಿ. ದೀಪ ಬಂದಾಗ ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ವೇಗದಲ್ಲಿತ್ತು ಎಂಬ ದಾಖಲೆಯೂ ಅದರಲ್ಲಿರುತ್ತದೆ, ಅದನ್ನೂ ಬರೆದಿಡಿ. ಮೆಕ್ಯಾನಿಕ್‌ಗೆ ತೋರಿಸುವ ಮುಂಚೆ ಕೋಡ್ ಅಳಿಸಿದರೆ ಆ ಸಾಕ್ಷಿ ಹೋಗುತ್ತದೆ.

ಕೋಡ್ ಎಂದರೆ ಕಂಪ್ಯೂಟರ್‌ನ ದೂರು. ಕೆಟ್ಟ ಪಾರ್ಟಿನ ಹೆಸರು ಅಲ್ಲ. ಇದನ್ನು ತಿಳಿಯದೆ ಸೆನ್ಸರ್ ಮೇಲೆ ಸೆನ್ಸರ್ ಬದಲಿಸುವವರು ಎಷ್ಟೋ ಜನ. ಉದಾಹರಣೆಗೆ ಪಿ0171. ಇಂಧನಕ್ಕೆ ಹೋಲಿಸಿದರೆ ಗಾಳಿ ಜಾಸ್ತಿ ಅಂತ ಅದರ ಅರ್ಥ. ಆಕ್ಸಿಜನ್ ಸೆನ್ಸರ್ ಅದನ್ನು ವರದಿ ಮಾಡಿದೆ, ಅಷ್ಟೇ. ಕಾರಣ ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್, ಕೊಳೆಯಾದ ಏರ್ ಫ್ಲೋ ಸೆನ್ಸರ್, ಸೋತ ಫ್ಯುಯೆಲ್ ಪಂಪ್, ಯಾವುದೂ ಆಗಿರಬಹುದು. ಪಿ0420 ಬಂದರೆ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಕಂಪ್ಯೂಟರ್‌ಗೆ ಅನಿಸಿದೆ. ಆ ದುಬಾರಿ ಭಾಗ ಬದಲಿಸುವ ಮೊದಲು ಸೈಲೆನ್ಸರ್ ಪೈಪ್ ಲೀಕ್, ಕನ್ವರ್ಟರ್ ಆಚೆಗಿರುವ ಆಕ್ಸಿಜನ್ ಸೆನ್ಸರ್, ಹಳೇ ಮಿಸ್‌ಫೈರ್ ಎಲ್ಲಾ ನೋಡಬೇಕು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಪಿ0301 ಅಂದರೆ ಒಂದನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್. ಪ್ರತಿ ಸಿಲಿಂಡರ್‌ಗೂ ಸ್ಪಾರ್ಕ್ ಕೊಡುವ ಬೇರೆ ಇಗ್ನಿಷನ್ ಕಾಯಿಲ್ ಇರುವ ಪೆಟ್ರೋಲ್ ಎಂಜಿನ್ ಆಗಿದ್ದರೆ, ಎಂಜಿನ್ ಆಫ್ ಮಾಡಿ ತಣ್ಣಗಾದ ಮೇಲೆ ಒಂದನೇ ಸಿಲಿಂಡರ್‌ನ ಕಾಯಿಲನ್ನು ಎರಡನೆಯದಕ್ಕೆ, ಎರಡನೆಯದನ್ನು ಒಂದಕ್ಕೆ ಹಾಕಿ. ಕೋಡ್ ಅಳಿಸಿ ಸ್ವಲ್ಪ ಓಡಿಸಿ. ಈಗ ಪಿ0302 ಬಂದರೆ ಕಾಯಿಲೇ ಕೆಟ್ಟಿದೆ. ಪಿ0301 ಅಲ್ಲೇ ಉಳಿದರೆ ಕಾಯಿಲ್ ಸರಿಯಿದೆ, ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ಕಡೆ ನೋಡಿ. ಒಂದು ಪಾರ್ಟ್ ಕೂಡ ಕೊಳ್ಳದೆ ಅರ್ಧ ಉತ್ತರ ಸಿಕ್ಕಿತು.

ಹಂತ 7: ಬ್ರೇಕ್, ಟೈರ್, ಶಬ್ದಗಳು

ಬ್ರೇಕ್ ಒತ್ತಿದಾಗ ಕೀರಲು ಸದ್ದು ಬಂದರೆ ಪ್ಯಾಡ್ ಸವೆದಿರುವ ಸೂಚನೆ ಇರಬಹುದು. ಎಷ್ಟೋ ಪ್ಯಾಡ್‌ಗಳಲ್ಲಿ ಹಾಗೆ ಕಿರುಚಲೆಂದೇ ಒಂದು ಲೋಹದ ನಾಲಿಗೆ ಇಟ್ಟಿರುತ್ತಾರೆ. ಸದ್ದು "ಗರಗರ" ಅಂತ ಲೋಹ ಉಜ್ಜಿದ ಹಾಗಾದರೆ ತಡವಾಗಿದೆ, ಅದು ಡಿಸ್ಕನ್ನೂ ತಿನ್ನುತ್ತಿದೆ. ಪ್ಯಾಡ್ 3 ಮಿಲಿಮೀಟರ್‌ಗೆ ಇಳಿದರೆ ಬದಲಿಸಿ, ಒಂದೇ ಆಕ್ಸಲ್‌ನ ಎರಡೂ ಕಡೆ ಒಟ್ಟಿಗೆ. ಬ್ರೇಕ್ ಆಯಿಲ್ ಮಟ್ಟ ನಿಧಾನಕ್ಕೆ ಇಳಿದಿದ್ದರೆ ಸುಮ್ನೆ ಟಾಪ್ ಅಪ್ ಮಾಡಬೇಡಿ. ಪ್ಯಾಡ್ ಸವೆದಷ್ಟೂ ಆಯಿಲ್ ಅದನ್ನು ಒತ್ತುವ ಕ್ಯಾಲಿಪರ್‌ಗೆ ಇಳಿಯುತ್ತದೆ, ಹಾಗಾಗಿ ಮೊದಲು ಪ್ಯಾಡ್ ನೋಡಿ. ಈ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಆಗ ಅದು ಬೇಗ ಕುದಿಯುತ್ತದೆ. ಬಹುತೇಕ ಕಂಪನಿಗಳು 2 ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು ಅದಕ್ಕೇ. ಪೆಡಲ್ ಸ್ಪಂಜಿನಂತೆ ಮೆತ್ತಗಾದರೆ ಲೈನಿನಲ್ಲಿ ಗಾಳಿ ಅಥವಾ ಲೀಕ್, ಅದನ್ನು ಅಂದೇ ತೋರಿಸಿ.

ಟೈರ್ ಸವೆದ ರೀತಿಯೇ ಕಾರಣ ಹೇಳುತ್ತದೆ. ಮಧ್ಯದಲ್ಲಿ ಸವೆದರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದರೆ ಕಡಿಮೆ, ಒಂದೇ ಅಂಚು ಸವೆದರೆ ಅಲೈನ್‌ಮೆಂಟ್, ಅಲ್ಲಲ್ಲಿ ಗುಂಡಿ ಬಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್. ಗಾಳಿಯನ್ನು ಟೈರ್ ತಣ್ಣಗಿದ್ದಾಗಲೇ ಅಳೆಯಿರಿ. ಎಷ್ಟಿರಬೇಕು ಅನ್ನುವುದು ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರ್ ಮೇಲಿರುತ್ತದೆ. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅದನ್ನು ತುಂಬಿಸಬೇಡಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತು ಇರುತ್ತದೆ. 2321 ಅಂದರೆ 2021ರ 23ನೇ ವಾರ ತಯಾರಾದದ್ದು. ಹೊಸ ಟೈರ್ ಕೊಳ್ಳುವಾಗ ಇದನ್ನು ನೋಡದೆ ದುಡ್ಡು ಕೊಡಬೇಡಿ.

80ರಿಂದ 100 ಕಿಲೋಮೀಟರ್ ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಮೊದಲು ವೀಲ್ ಬ್ಯಾಲೆನ್ಸಿಂಗ್. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್. ಪೂರ್ತಿ ತಿರುವಿನಲ್ಲಿ ಟಕಟಕ ಸದ್ದು ಬಂದರೆ ಆಕ್ಸಲ್‌ನ ಬಾಗುವ ಕೀಲು, ಅಂದರೆ ಸಿವಿ ಜಾಯಿಂಟ್. ಚಕ್ರದ ಕಡೆಯಿಂದ "ಗುಂಯ್" ಅನ್ನುವ ಸದ್ದು ವೇಗದ ಜೊತೆ ಏರಿ, ತಿರುವಿನಲ್ಲಿ ಬದಲಾದರೆ ವೀಲ್ ಬೇರಿಂಗ್. ಹಂಪ್ ಮೇಲೆ "ದಡ್" ಅಂದರೆ ಸಸ್ಪೆನ್ಷನ್‌ನ ಲಿಂಕ್ ಅಥವಾ ಬುಷ್.

ಎಸಿ ಬಗ್ಗೆ ಒಂದೇ ಮಾತು. ಗ್ಯಾಸ್ ಬಳಸಿದಷ್ಟೂ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ. ಲೀಕ್ ಹುಡುಕದೆ ಪ್ರತಿ ಬೇಸಿಗೆಗೆ ಗ್ಯಾಸ್ ತುಂಬಿಸುವುದು ದುಡ್ಡು ದಂಡ. ಗಾಳಿಯ ರಭಸವೇ ಕಡಿಮೆಯಿದ್ದರೆ ಮೊದಲು ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ.

ಹಂತ 8: ಗ್ಯಾರೇಜಿನಲ್ಲಿ ಮಾತಾಡುವ ರೀತಿ

"ಬ್ಯಾಟರಿ ಚೇಂಜ್ ಮಾಡಿ" ಅಂತ ಹೇಳಿದರೆ ಬ್ಯಾಟರಿ ಚೇಂಜ್ ಮಾಡುತ್ತಾರೆ, ತೊಂದರೆ ಹಾಗೇ ಉಳಿದರೂ ಹೊಣೆ ನಿಮ್ಮದೇ. ಅದರ ಬದಲು ಲಕ್ಷಣ ಹೇಳಿ: "ಬೆಳಗ್ಗೆ ಮೊದಲ ಸಲ ಟಕಟಕ ಅನ್ನುತ್ತೆ, ನಿಂತಾಗ 12.1 ವೋಲ್ಟ್ ಇತ್ತು, ಓಡುವಾಗ 14.2." ಹೀಗೆ ಹೇಳುವ ಗಿರಾಕಿಗೆ ಸುಮ್ಮನೆ ಏನೋ ಹೇಳಿ ಕಳಿಸುವುದು ಕಷ್ಟ. ಶಬ್ದದ ತೊಂದರೆಯಾದರೆ ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ.

ಅವರು ಒಂದು ಪಾರ್ಟ್ ಹೆಸರು ಹೇಳಿದಾಗ ಕೇಳಬೇಕಾದ್ದು: "ಅದೇ ಅಂತ ಹೇಗೆ ಗೊತ್ತಾಯ್ತು ಸರ್, ಯಾವ ಟೆಸ್ಟ್ ಮಾಡಿದ್ರಿ?" ಒಳ್ಳೆ ಮೆಕ್ಯಾನಿಕ್ ಇದಕ್ಕೆ ಬೇಜಾರಾಗುವುದಿಲ್ಲ, ಬದಲಿಗೆ ಕರೆದು ತೋರಿಸುತ್ತಾರೆ. "ಈ ಗಾಡಿಗೆಲ್ಲ ಅದೇ ಪ್ರಾಬ್ಲಂ" ಅನ್ನುವ ಉತ್ತರ ಮಾತ್ರ ಸಿಕ್ಕಿದರೆ, ಕೆಲಸ ದೊಡ್ಡದಾಗಿದ್ದರೆ, ಇನ್ನೊಬ್ಬರಿಗೆ ತೋರಿಸಿ. ಖರ್ಚಿನ ಅಂದಾಜನ್ನು ಪಾರ್ಟ್ ಎಷ್ಟು, ಕೂಲಿ ಎಷ್ಟು ಅಂತ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಹೇಳಿದ್ದಕ್ಕಿಂತ ಜಾಸ್ತಿ ಕೆಲಸ ಕಂಡರೆ ಮೊದಲು ಫೋನ್ ಮಾಡಿ ಅಂತ ತಿಳಿಸಿ. ತೆಗೆದ ಹಳೇ ಪಾರ್ಟ್ ವಾಪಸ್ ಕೇಳಿ.

ಕೆಲವು ಕೆಲಸ ಒಟ್ಟಿಗೆ ಮಾಡಿಸುವುದೇ ಲಾಭ. ವಾಲ್ವ್ ಮತ್ತು ಪಿಸ್ಟನ್ ಚಲನೆಯನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಿನಲ್ಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತಿದ್ದರೆ ಎರಡನ್ನೂ ಒಮ್ಮೆಗೇ ಬದಲಿಸಿ, ಬಿಚ್ಚುವ ಕೂಲಿ ಒಂದೇ. ಬೆಲ್ಟ್ ವಿಷಯದಲ್ಲಿ ಮ್ಯಾನ್ಯುಯಲ್ ಹೇಳಿದ ಕಿಲೋಮೀಟರ್ ಅಥವಾ ವರ್ಷ, ಯಾವುದು ಮೊದಲು ಬಂದರೆ ಅದಕ್ಕೆ. ತುಂಡಾದರೆ ಎಷ್ಟೋ ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವ್‌ಗೆ ಬಡಿದು ವಾಲ್ವ್ ಬಾಗುತ್ತದೆ.

ಹಂತ 9: ಗಾಡಿ ವಾಪಸ್ ತಂದ ಮೇಲೆ

ಮೊದಲು ಯಾವ ಸಂದರ್ಭದಲ್ಲಿ ತೊಂದರೆ ಬರುತ್ತಿತ್ತೋ ಅದೇ ಸಂದರ್ಭದಲ್ಲಿ ಓಡಿಸಿ ನೋಡಿ. ತಣ್ಣಗಿದ್ದಾಗ ಬರುತ್ತಿದ್ದ ಶಬ್ದವನ್ನು ಬಿಸಿ ಎಂಜಿನ್ನಿನಲ್ಲಿ ಪರೀಕ್ಷಿಸಿ "ಸರಿಹೋಯ್ತು" ಅಂದರೆ ಪ್ರಯೋಜನವಿಲ್ಲ. ರಾತ್ರಿ ನಿಲ್ಲಿಸುವಾಗ ಎಂಜಿನ್ ಕೆಳಗೆ ಒಂದು ರಟ್ಟು ಹಾಸಿ. ಬೆಳಗ್ಗೆ ಬರೀ ನೀರಿನ ಹನಿ ಇದ್ದರೆ ಎಸಿಯದ್ದು, ಚಿಂತೆ ಇಲ್ಲ. ಕಪ್ಪು ಅಥವಾ ಕಂದು ಬಣ್ಣದ ಜಿಡ್ಡು ಎಂಜಿನ್ ಆಯಿಲ್, ಕೆಂಪು ಜಿಡ್ಡು ಆಟೋಮ್ಯಾಟಿಕ್ ಗೇರ್ ಅಥವಾ ಪವರ್ ಸ್ಟೀರಿಂಗ್‌ನದ್ದು, ಹಸಿರು, ಗುಲಾಬಿ, ಕಿತ್ತಳೆಯ ಸಿಹಿ ವಾಸನೆ ದ್ರವ ಕೂಲಂಟ್. ಚಕ್ರದ ಹತ್ತಿರ ತಿಳಿಹಳದಿ ಜಾರು ದ್ರವ ಕಂಡರೆ ಬ್ರೇಕ್ ಆಯಿಲ್ ಆಗಿರಬಹುದು, ಗಾಡಿ ತೆಗೆಯಬೇಡಿ.

ಚಕ್ರ ಬಿಚ್ಚಿ ಹಾಕಿದ್ದರೆ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ನಟ್‌ಗಳ ಬಿಗಿ ಇನ್ನೊಮ್ಮೆ ನೋಡಿಸಿ. ಕೆಲಸ ಮಾಡಿಸಿದ ತಾರೀಕು, ಕಿಲೋಮೀಟರ್, ಹಾಕಿದ ಪಾರ್ಟಿನ ನಂಬರ್, ಹಂತ 2ರಲ್ಲಿ ಬರೆದುಕೊಂಡ ಲಕ್ಷಣದ ಕೆಳಗೇ ಸೇರಿಸಿ, ಬಿಲ್ಲಿನ ಫೋಟೋ ಜೊತೆಗಿಡಿ. ವಾರಂಟಿ ಕೇಳುವಾಗಲೂ, ಮುಂದೆ ಗಾಡಿ ಮಾರುವಾಗಲೂ ಅದನ್ನೇ ತೋರಿಸಬಹುದು.